ತಲೆಯ ಹಿಂದೆ ಎರಡು ಕಣ್ಣು

ಚೆನ್ನೈನ ಪುರಸೈವಾಕ್ಕಂಗೆ ಆ ಹೆಸರು ಬಂದದ್ದು ಒಂದು ಮರದಿಂದ. ತಮಿಳಿನ ‘ಪುರಸು’ ಕನ್ನಡದಲ್ಲಿ ಮುತ್ತುಗ. ನಾವು ಎಲೆ ಹಚ್ಚಿ ಊಟ ಮಾಡುವ, ಬೇಸಿಗೆಯ ಹೊಸ್ತಿಲಲ್ಲಿ ಕೆಂಡದಂಥ ಹೂ ಬಿಡುವ ಮರ ಅದೇ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಮದರಾಸಿನ ಕೋಟೆಯ ಸುತ್ತಲ ಹಳ್ಳಿಗಳನ್ನು ಒಂದೊಂದಾಗಿ ಸೇರಿಸಿಕೊಂಡಾಗ ಎಗ್ಮೋರ್ ಜೊತೆಗೆ ಈ ಹಳ್ಳಿಯೂ ಕಂಪನಿಯ ಪಾಲಾಯಿತು. ಇವತ್ತು ಅಲ್ಲಿ ಕಾಣುವುದು ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಚಿನ್ನದಂಗಡಿಗಳ ಸಾಲು. ಮುತ್ತುಗ ಹೆಸರಿನಲ್ಲಷ್ಟೇ ಉಳಿದಂತಿದೆ. ಕಾಗೆಗಳು ಮಾತ್ರ ಎಲ್ಲೂ ಹೋಗಿಲ್ಲ. ಬೇವು, ಹೊಂಗೆ, ಮಳೆಮರ ಯಾವುದು ಸಿಕ್ಕರೂ ಸರಿ, ಅದರ ಕವಲಿನಲ್ಲಿ ಕಡ್ಡಿಯ ಜೊತೆಗೆ ತಂತಿ ತುಂಡನ್ನೂ ಸೇರಿಸಿ ಗೂಡು ಕಟ್ಟುತ್ತವೆ.

ಬೇಸಿಗೆಯಲ್ಲಿ ಗೂಡಿನಲ್ಲಿ ಮರಿಗಳಿರುವಾಗ ಆ ಮರದ ಕೆಳಗೆ ಹೋಗುವವರಿಗೆ ಕಾಗೆಯ ಇನ್ನೊಂದು ಮುಖ ಕಾಣುತ್ತದೆ. ಹಿಂದಿನಿಂದ ಬಂದು, ರೆಕ್ಕೆ ಬಡಿದು, ನೆತ್ತಿಗೆ ಒಂದು ಕುಕ್ಕು ಕೊಟ್ಟು ಮೇಲೇರುತ್ತದೆ. ನಡೆಯುವವರು ಕೈ ಬೀಸಬಹುದು, ಕೊಡೆ ಬಿಚ್ಚಬಹುದು. ಹ್ಯಾಂಡಲ್‌ಗೆ ಹಾಲಿನ ಚೀಲ ತೂಗುಹಾಕಿಕೊಂಡೋ, ಕ್ಯಾರಿಯರ್ ಮೇಲೆ ನೀರಿನ ಕ್ಯಾನ್ ಕಟ್ಟಿಕೊಂಡೋ ಸೈಕಲ್ ತುಳಿಯುವವನಿಗೆ ಅದು ಆಗದು. ಅವನ ಎರಡು ಕೈಯೂ ಹ್ಯಾಂಡಲ್ ಮೇಲೆ, ಕಣ್ಣು ಎದುರಿನ ಬಸ್ಸಿನ ಮೇಲೆ. ತಲೆಯ ಹಿಂಭಾಗವನ್ನು ಕಾಯುವವರಿಲ್ಲ.

ನಮ್ಮ ಕಡೆ ಈ ಏಟಿಗೆ ಗಾಯಕ್ಕಿಂತ ದೊಡ್ಡ ಅರ್ಥವಿದೆ. ಕಾಗೆ ಶನಿಯ ವಾಹನ, ತಲೆ ಮುಟ್ಟಿದರೆ ಕೇಡು. ಅದಕ್ಕೆ ತಲೆಗೆ ಸ್ನಾನ, ಶನಿದೇವರಿಗೆ ಎಳ್ಳೆಣ್ಣೆಯ ದೀಪ. 2016ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಕಾರಿನ ಮೇಲೆ ಕಾಗೆಯೊಂದು ಕೂತದ್ದೇ ಟೀವಿ ವಾಹಿನಿಗಳಿಗೆ ದಿನಗಟ್ಟಲೆ ಸುದ್ದಿಯಾಯಿತು. ಬಳಿಕ ಕಾರು ಬದಲಾದಾಗ, ಕಾಗೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಅವರು ಹೇಳಬೇಕಾಯಿತು. ಹೀಗೆ ಏಟು ಬಿದ್ದ ಮೇಲೆ ಮಾಡಬೇಕಾದ್ದೆಲ್ಲ ನಮ್ಮಲ್ಲಿದೆ. ಏಟು ಬೀಳದಂತೆ ತಡೆಯುವ ಉಪಾಯದ ಕಡೆ ನಾವು ಅಷ್ಟಾಗಿ ತಲೆ ಕೆಡಿಸಿಕೊಂಡಿಲ್ಲ. ಆ ಕೆಲಸ ಮಾಡಿದ್ದು ಆಸ್ಟ್ರೇಲಿಯಾದ ಸೈಕಲ್ ಸವಾರರು.

*

ಅಲ್ಲಿ ಎರಗುವ ಹಕ್ಕಿಯ ಹೆಸರು ಮ್ಯಾಗ್‌ಪೈ. ಹೆಸರೇ ಒಂದು ತಪ್ಪು. ಕಪ್ಪು ಬಿಳುಪಿನ ಈ ಹಕ್ಕಿಯನ್ನು ಕಂಡ ಬ್ರಿಟಿಷ್ ವಲಸಿಗರು ತಮ್ಮೂರಿನ ಮ್ಯಾಗ್‌ಪೈಯ ಹೆಸರನ್ನೇ ಅದಕ್ಕೂ ಕೊಟ್ಟರು. ಯುರೋಪಿನದು ಕಾಗೆಯ ಬಳಗ, ಆಸ್ಟ್ರೇಲಿಯಾದ್ದು ಬೇರೆಯೇ ಕುಟುಂಬ. 1801ರಲ್ಲಿ ಇಂಗ್ಲೆಂಡಿನ ಪಕ್ಷಿತಜ್ಞ ಜಾನ್ ಲೇಥಮ್ ಅದಕ್ಕೆ ಕೊಟ್ಟ ಶಾಸ್ತ್ರೀಯ ಹೆಸರಿನಲ್ಲಿ ‘ಟಿಬಿಸೆನ್’ ಎಂಬ ಪದವಿದೆ. ಲ್ಯಾಟಿನ್‌ನಲ್ಲಿ ಹಾಗೆಂದರೆ ಕೊಳಲು ನುಡಿಸುವವನು. ಅಷ್ಟು ಚಂದ ಹಾಡುವ ಹಕ್ಕಿ ವರ್ಷದ ಕೆಲವು ವಾರ ಮಾತ್ರ ಊರಿಗೆ ಊರನ್ನೇ ಹೆದರಿಸುತ್ತದೆ.

ಅಲ್ಲಿನ ವಸಂತ ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ. ಬ್ರಿಸ್ಬೇನ್‌ನ ಗ್ರಿಫಿತ್ ವಿಶ್ವವಿದ್ಯಾಲಯದ ಡ್ಯಾರಿಲ್ ಜೋನ್ಸ್ ಈ ಹಕ್ಕಿಗಳನ್ನು ದಶಕಗಳ ಕಾಲ ಗಮನಿಸಿದವರು, 2002ರಲ್ಲಿ ಇದೇ ವಿಷಯದ ಮೇಲೆ ಒಂದು ಪುಸ್ತಕವನ್ನೂ ತಂದರು. ಇಂಥ ಅಧ್ಯಯನಗಳಿಂದ ತಿಳಿದದ್ದು ಜನರ ಊಹೆಗಿಂತ ಬೇರೆಯಾಗಿತ್ತು. ಎಲ್ಲ ಮ್ಯಾಗ್‌ಪೈಗಳೂ ಎರಗುವುದಿಲ್ಲ, ಎರಗುವವು ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಅವುಗಳಲ್ಲೂ ಹೆಚ್ಚುಕಡಿಮೆ ಎಲ್ಲವೂ ಗಂಡು. ನಡೆಯುವವರ ಮೇಲೆ ಗೂಡಿನಿಂದ ಸುಮಾರು 50 ಮೀಟರ್ ಒಳಗೆ ಎರಗಿದರೆ, ಸೈಕಲ್ ಸವಾರರ ಮೇಲೆ 100 ಮೀಟರ್ ದೂರದಿಂದಲೇ ಎರಗುತ್ತವೆ. ಕೆಲವು ಹಕ್ಕಿಗಳಿಗೆ ಸೈಕಲ್‌ನವರು ಮಾತ್ರ ಆಗದು, ಕೆಲವಕ್ಕೆ ಅಂಚೆಯವನೊಬ್ಬನೇ ವೈರಿ.

ಹಳೆಯ ಉಪಾಯ ಸರಳವಾಗಿತ್ತು. ಶಾಲೆಗೆ ಹೋಗುವ ಮಕ್ಕಳು ಖಾಲಿ ಐಸ್‌ಕ್ರೀಮ್ ಡಬ್ಬಿಯನ್ನು ಟೋಪಿಯಂತೆ ಬೋರಲು ಹಾಕಿಕೊಂಡು, ಅದರ ಹಿಂಭಾಗಕ್ಕೆ ದೊಡ್ಡ ಎರಡು ಕಣ್ಣು ಬರೆದುಕೊಳ್ಳುತ್ತಿದ್ದರು. 1990ರ ಜುಲೈ 1ರಂದು ವಿಕ್ಟೋರಿಯಾ ರಾಜ್ಯ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. 1992ರ ಹೊತ್ತಿಗೆ ದೇಶದ ಎಲ್ಲ ರಾಜ್ಯಗಳಲ್ಲೂ ಅದೇ ಕಾನೂನು. ಈಗ ಪ್ರತಿ ಸವಾರನ ತಲೆಯ ಮೇಲೂ ಏನನ್ನಾದರೂ ಅಂಟಿಸಲು, ಕಟ್ಟಲು, ಚುಚ್ಚಲು ಗಟ್ಟಿಯಾದ ಒಂದು ತಳ ಸಿಕ್ಕಂತಾಯಿತು. ಡಬ್ಬಿಯ ಕಣ್ಣುಗಳು ಹೆಲ್ಮೆಟ್‌ಗೆ ಬಂದವು. ವಯರ್ ಕಟ್ಟುವ ಪ್ಲಾಸ್ಟಿಕ್ ಕೇಬಲ್ ಟೈಗಳನ್ನು ಹೆಲ್ಮೆಟ್ಟಿನ ಕಿಂಡಿಗಳಿಗೆ ಸಿಕ್ಕಿಸಿ, ಬಾಲಗಳನ್ನು ಮೇಲಕ್ಕೆ ನಿಲ್ಲಿಸಿದಾಗ ಸವಾರನ ತಲೆ ಮುಳ್ಳುಹಂದಿಯಂತಾಯಿತು. ಸೈಕಲ್ಲಿನ ಹಿಂದೆ ಉದ್ದ ಕೋಲು ಕಟ್ಟಿ ಬಾವುಟ ಹಾರಿಸಿದವರಿದ್ದರು. ತಂಪು ಕನ್ನಡಕವನ್ನು ತಲೆಯ ಹಿಂದಕ್ಕೆ ಹಾಕಿಕೊಂಡವರೂ ಇದ್ದರು.

ಇವು ಕೆಲಸ ಮಾಡುತ್ತವೆಯೇ? ಸವಾರರನ್ನು ಕೇಳಿದರೆ ಅರ್ಧ ಜನ ಹೌದೆನ್ನುತ್ತಾರೆ, ಅರ್ಧ ಜನ ನಗುತ್ತಾರೆ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒ ಕಡೆಯವರು ಒಮ್ಮೆ ಇದನ್ನು ಪರೀಕ್ಷಿಸಿ ನೋಡಿದರು. ಗೂಡಿನ ಹತ್ತಿರ ಸವಾರನೊಬ್ಬ ಬೇರೆ ಬೇರೆ ವೇಷದಲ್ಲಿ ಓಡಾಡಿದ. ಬರಿಯ ಹೆಲ್ಮೆಟ್ಟಿಗೂ ಹಕ್ಕಿ ಎರಗಿತು, ಕಣ್ಣು ಬರೆದದ್ದಕ್ಕೂ ಎರಗಿತು, ಕೇಬಲ್ ಟೈಗಳಿಗೂ ಎರಗಿತು. ಹೆಲ್ಮೆಟ್ ಮೇಲೆ ಕೂದಲಿನ ಟೋಪನ್ ಹಾಕಿದಾಗ ದಾಳಿ ಕಡಿಮೆಯಾಯಿತು. ಹೆಲ್ಮೆಟ್ಟನ್ನೇ ತೆಗೆದಾಗ ಹಕ್ಕಿ ಅವನ ಗೊಡವೆಗೆ ಬರಲಿಲ್ಲ. ಒಂದು ಸಣ್ಣ ಪರೀಕ್ಷೆಯಿಂದ ನಿಯಮ ಮಾಡಲಾಗದು. ಕೇಬಲ್ ಟೈ ಹಕ್ಕಿಯನ್ನು ಹೆದರಿಸದಿದ್ದರೂ ಕೊಕ್ಕನ್ನು ತಲೆಯಿಂದ ಒಂದು ಗೇಣು ದೂರ ಇಡುತ್ತದೆ ಎಂಬುದೂ ನಿಜ. ಆದರೂ ಒಂದು ಪ್ರಶ್ನೆ ಉಳಿಯಿತು: ಬರೆದ ಕಣ್ಣಿಗೆ ಹಕ್ಕಿ ಯಾಕೆ ಹೆದರಲಿಲ್ಲ?

*

ಬರೆದ ಕಣ್ಣಿನಲ್ಲಿ ಶಕ್ತಿಯೇ ಇಲ್ಲ ಎಂದಲ್ಲ. ಬಂಗಾಳದ ಸುಂದರಬನದಲ್ಲಿ ಜೇನು ಕೀಳಲು, ಮೀನು ಹಿಡಿಯಲು, ಮರ ಕಡಿಯಲು ಕಾಡಿಗೆ ಹೋದವರ ಮೇಲೆ ಹುಲಿ ಬೀಳುತ್ತಿದ್ದುದು ಬಹುಮಟ್ಟಿಗೆ ಹಿಂದಿನಿಂದ. 1986ರಲ್ಲಿ ಅರಣ್ಯ ಇಲಾಖೆ ಅವರಿಗೆ ಅಗ್ಗದ ಮುಖವಾಡಗಳನ್ನು ಹಂಚಿ, ತಲೆಯ ಹಿಂಭಾಗಕ್ಕೆ ಕಟ್ಟಿಕೊಳ್ಳಲು ಹೇಳಿತು. ಮೊದಲ ಮೂರು ವರ್ಷ ಮುಖವಾಡ ಕಟ್ಟಿಕೊಂಡವರಲ್ಲಿ ಒಬ್ಬರೂ ಹುಲಿಗೆ ಬಲಿಯಾಗಲಿಲ್ಲ ಎಂದು 1989ರಲ್ಲಿ ವರದಿಯಾಯಿತು. ಹುಲಿಗಳಿಗೆ ಈ ಆಟ ತಿಳಿದುಹೋಯಿತು ಎಂಬ ಮಾತು ಬಂದದ್ದು ಆಮೇಲೆ.

ಆಫ್ರಿಕಾದ ಬೋಟ್ಸ್ವಾನಾದಲ್ಲಿ ಸಂಶೋಧಕರು ದನಗಳ ಹಿಂಭಾಗಕ್ಕೆ ಬಣ್ಣದಲ್ಲಿ ಕಣ್ಣು ಬರೆದು ನಾಲ್ಕು ವರ್ಷ ಲೆಕ್ಕ ಇಟ್ಟರು. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕಣ್ಣು ಬರೆದ 683 ದನಗಳಲ್ಲಿ ಒಂದನ್ನೂ ಸಿಂಹ, ಚಿರತೆಗಳು ಕೊಲ್ಲಲಿಲ್ಲ. ಏನೂ ಬರೆಯದ 835ರಲ್ಲಿ 15 ಸತ್ತವು.

ಪುರಸೈವಾಕ್ಕಂಗೂ ಈ ಕಣ್ಣು ಹೊಸದಲ್ಲ. ಚೆನ್ನೈನಲ್ಲಿ ಹೊಸ ಮನೆ ಏಳುತ್ತಿರುವ ಕಡೆಯೆಲ್ಲ ಕೋರೆಹಲ್ಲಿನ, ಗುಡ್ಡೆಗಣ್ಣಿನ ದೃಷ್ಟಿಬೊಂಬೆ ತೂಗುತ್ತಿರುತ್ತದೆ. ಕೆಟ್ಟ ಕಣ್ಣಿಗೆ ಅದಕ್ಕಿಂತ ದೊಡ್ಡ ಕಣ್ಣು. ಸುಂದರಬನದ ಮುಖವಾಡ, ಆಸ್ಟ್ರೇಲಿಯಾದ ಐಸ್‌ಕ್ರೀಮ್ ಡಬ್ಬಿ, ನಮ್ಮ ದೃಷ್ಟಿಬೊಂಬೆ ಮೂರರ ಹಿಂದಿನ ನಂಬಿಕೆಯೂ ಒಂದೇ: ನೋಡುತ್ತಿದ್ದಾರೆ ಎಂದು ಗೊತ್ತಾದರೆ ಕೇಡು ಹತ್ತಿರ ಬರದು.

ಆದರೆ ಹುಲಿಯ ಲೆಕ್ಕ ಬೇರೆ, ಹಕ್ಕಿಯ ಲೆಕ್ಕ ಬೇರೆ. ಹುಲಿ ಹೊಂಚು ಹಾಕುವುದು ಊಟಕ್ಕೆ. ಯಾರ ಕಣ್ಣಿಗೂ ಬೀಳದಿದ್ದರೆ ಮಾತ್ರ ಅದರ ಕೆಲಸ ಆಗುತ್ತದೆ, ಆದ್ದರಿಂದ ಕಣ್ಣು ಕಂಡರೆ ಹಿಂದೆ ಸರಿಯುತ್ತದೆ. ಗೂಡು ಕಾಯುವ ಹಕ್ಕಿಗೆ ಯಾರನ್ನೂ ತಿನ್ನಬೇಕಾಗಿಲ್ಲ. ಅದಕ್ಕೆ ಬೇಕಾದದ್ದು ಬಂದವನು ಹೊರಟುಹೋಗುವುದು. ತಾನಿದ್ದೇನೆ ಎಂದು ತಿಳಿಸಲೆಂದೇ ಅದು ಕೂಗುತ್ತದೆ, ಬರ್ರನೆ ಕಿವಿಯ ಪಕ್ಕ ಹಾದುಹೋಗುತ್ತದೆ. ಹಿಂದಿನಿಂದ ಬರುವುದು ತನ್ನ ಜೀವದ ಭಯಕ್ಕೆ. ಹೆಲ್ಮೆಟ್ ಮೇಲೆ ಎರಡು ಕಣ್ಣು ಹೆಚ್ಚಿಗೆ ಕಂಡರೆ ಕೆಲವು ಹಕ್ಕಿ ಹಿಂಜರಿಯಬಹುದು, ಆದರೆ ಅದಕ್ಕಾಗಿ ಮರಿ ಬಿಟ್ಟು ಹೋಗುವುದಿಲ್ಲ.

*

ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಕಾಗೆಗಳಿಂದಲೇ ತಿಳಿದುಬಂತು. ಅಮೆರಿಕದ ಸಿಯಾಟಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್‌ಲಫ್ 2006ರಲ್ಲಿ ಗುಹಾಮಾನವನ ಮುಖವಾಡ ಹಾಕಿಕೊಂಡು ಏಳು ಕಾಗೆಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಬಳೆ ಹಾಕಿ ಬಿಟ್ಟರು. ಆಮೇಲೆ ಆ ಮುಖವಾಡ ಹಾಕಿಕೊಂಡು ಯಾರೇ ನಡೆದರೂ ಕಾಗೆಗಳು ಬೈಯತೊಡಗಿದವು. ಏನೂ ಕೇಡು ಮಾಡದ ಇನ್ನೊಂದು ಮುಖವಾಡವನ್ನು ಅವು ಲೆಕ್ಕಕ್ಕಿಡಲಿಲ್ಲ. ಎರಡು ವರ್ಷದ ಬಳಿಕ ಒಂದು ನಡಿಗೆಯಲ್ಲಿ ಎದುರಾದ 53 ಕಾಗೆಗಳಲ್ಲಿ 47 ಆ ಮುಖಕ್ಕೆ ಕೂಗಿದವು. ಬಲೆಗೆ ಬಿದ್ದದ್ದು ಏಳೇ ಆದರೂ, ಸುದ್ದಿ ನೆರೆಹೊರೆಗೆಲ್ಲ ಹಬ್ಬಿತ್ತು. 2012ರಲ್ಲಿ ಅದೇ ತಂಡ ಕಾಗೆಗಳ ಮಿದುಳಿನ ಚಿತ್ರ ತೆಗೆದಾಗ, ಹಿಡಿದವರ ಮುಖಕ್ಕೂ ಅನ್ನ ಹಾಕಿದವರ ಮುಖಕ್ಕೂ ಮಿದುಳಿನ ಬೇರೆ ಬೇರೆ ಭಾಗ ಚುರುಕಾಗುತ್ತಿದ್ದುದು ಕಂಡಿತು.

ಮ್ಯಾಗ್‌ಪೈಗಳೂ ಮುಖ ನೆನಪಿಡುತ್ತವೆ. ಬಹುಕಾಲ ಒಂದೇ ಜಾಗದಲ್ಲಿರುವ ಹಕ್ಕಿಗೆ ಆ ಬೀದಿಯವರೆಲ್ಲ ಗೊತ್ತು. ಹೀಗಿರುವಾಗ ಮುಖವನ್ನು ಅರ್ಧ ಮುಚ್ಚಿ, ವೇಗವಾಗಿ ನುಗ್ಗಿ ಬರುವ ಹೆಲ್ಮೆಟ್ಟಿನ ಸವಾರ ಅದಕ್ಕೆ ಪ್ರತಿದಿನವೂ ಅಪರಿಚಿತನೇ. ನೂರು ವಿಧದ ಅಲಂಕಾರಗಳೂ ಅವನನ್ನು ಇನ್ನಷ್ಟು ವಿಚಿತ್ರವಾಗಿಸುತ್ತವೆಯೇ ಹೊರತು ಗುರುತಿನವನಾಗಿಸುವುದಿಲ್ಲ.

ಹಾಗೆಂದು ಹೆಲ್ಮೆಟ್ ಬಿಡಿ ಎನ್ನುವಂತಿಲ್ಲ. ಜೀವಕ್ಕೆ ಅಪಾಯ ಕೊಕ್ಕಿಗಿಂತ ಗಾಬರಿಯಿಂದಲೇ ಹೆಚ್ಚು. 2019ರ ಸೆಪ್ಟೆಂಬರ್‌ನಲ್ಲಿ ಸಿಡ್ನಿಯ ದಕ್ಷಿಣಕ್ಕಿರುವ ವೊಲೊಂಗಾಂಗ್ ಬಳಿ 76 ವರ್ಷದ ಸವಾರರೊಬ್ಬರು ಎರಗಿದ ಮ್ಯಾಗ್‌ಪೈಯಿಂದ ತಪ್ಪಿಸಿಕೊಳ್ಳಲು ಹೋಗಿ ದಾರಿ ಬಿಟ್ಟು ಬೇಲಿಗೆ ಬಡಿದು ಬಿದ್ದರು. ತಲೆಗಾದ ಪೆಟ್ಟಿನಿಂದ ತೀರಿಕೊಂಡರು. ಅದೇ ವರ್ಷ ಸಿಡ್ನಿಯ ವಿಂಡ್ಸರ್ ರಸ್ತೆಯಲ್ಲಿ ವರ್ಷಗಳಿಂದ ಜನರನ್ನು ಕಾಡುತ್ತಿದ್ದ ಒಂದು ಮ್ಯಾಗ್‌ಪೈಯನ್ನು ಸ್ಥಳೀಯ ಆಡಳಿತ ಗುಂಡಿಕ್ಕಿ ಕೊಲ್ಲಿಸಿತು. ಕಾನೂನಿನ ರಕ್ಷಣೆ ಇರುವ ಹಕ್ಕಿ ಅದು. ಸರಿ ಯಾರದು ಎಂಬ ಬಗ್ಗೆ ಊರೇ ಎರಡಾಯಿತು.

ಇಷ್ಟೆಲ್ಲ ಆದ ಮೇಲೆ ಅಲ್ಲಿನ ಅಧಿಕಾರಿಗಳು ಸವಾರರಿಗೆ ಹೇಳುವುದು ತುಂಬ ಸರಳ. ಎರಗುವ ಜಾಗ ಗೊತ್ತಿದ್ದರೆ ಕೆಲವು ವಾರ ಬೇರೆ ದಾರಿ ಹಿಡಿಯಿರಿ. ಆಗದಿದ್ದರೆ ಸೈಕಲ್ ಇಳಿದು, ಹೆಲ್ಮೆಟ್ ತೆಗೆಯದೆ, ತಳ್ಳಿಕೊಂಡು ನಡೆಯಿರಿ. ಕೈ ಬೀಸಬೇಡಿ, ಕಲ್ಲೆಸೆಯಬೇಡಿ. ಎಲ್ಲಿ ಹಕ್ಕಿ ಎರಗುತ್ತಿದೆ ಎಂಬುದನ್ನು ಜನರೇ ನಕ್ಷೆಯಲ್ಲಿ ಗುರುತಿಸುವ ‘ಮ್ಯಾಗ್‌ಪೈ ಅಲರ್ಟ್’ ಎಂಬ ತಾಣವೂ 2013ರಿಂದ ನಡೆಯುತ್ತಿದೆ.

*

ಪುರಸೈವಾಕ್ಕಂ ಸೈಕಲ್ ಸವಾರನ ತಲೆಯ ಮೇಲೆ ಏನನ್ನಾದರೂ ಸಿಕ್ಕಿಸಲು ಹೆಲ್ಮೆಟ್ಟೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹೆಲ್ಮೆಟ್ ಕೇಳುವುದು ಮೋಟಾರ್ ಬೈಕಿನವರನ್ನು ಮಾತ್ರ. ಕಾಗೆಗೆ ಬೆಚ್ಚಿ ಹ್ಯಾಂಡಲ್ ತಿರುಗಿಸಿದರೆ ಅವನು ಬೀಳುವುದು ಬೇಲಿಯ ಮೇಲಲ್ಲ, ಬಸ್ಸಿನ ಚಕ್ರದ ಹತ್ತಿರ. ಅವನಿಗೆ ದಾರಿ ಬದಲಿಸುವ ಸೌಕರ್ಯವೂ ಕಡಿಮೆ. ಹಾಲು ಬೇಕೆಂದ ಮನೆ ಆ ಮರದ ಕೆಳಗೇ ಇರುತ್ತದೆ. ಅವನ ಕೈಯಲ್ಲಿರುವುದು ಇಳಿದು ಹತ್ತು ಮಾರು ತಳ್ಳಿಕೊಂಡು ಹೋಗುವುದೊಂದೇ. ಊರುಕಾಗೆ ಮೊಟ್ಟೆಗೆ ಕಾವು ಕೊಡುವುದು 16–17 ದಿನ, ಮರಿ ಹಾರಲು ಮತ್ತೆ ಮೂರ‍್ನಾಲ್ಕು ವಾರ. ಅಷ್ಟು ದಿನ ಕಳೆದರೆ ಆ ಮರ ಮತ್ತೆ ಬರಿಯ ಮರ.

ಉಳಿದ ಸಹಾಯ ಬೀದಿಯವರಿಂದ ಬರಬೇಕು. ಗೂಡಿದೆ ಎಂದು ಕೊಂಬೆ ಕಡಿಸುವ ಬದಲು, ಗೂಡಿದೆ ಎಂದು ಹೊಸಬರಿಗೆ ಒಂದು ಮಾತು ಹೇಳಿದರೆ ಸಾಕು. ಚೆನ್ನೈನ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಮೊದಲ ತುತ್ತು ಕಾಗೆಗೆ. ತಾರಸಿಯ ಗೋಡೆಯ ಮೇಲೆ ಅನ್ನ ಇಟ್ಟು ‘ಕಾ, ಕಾ’ ಎಂದು ಕರೆಯುವ ಅಜ್ಜಿಯ ಮುಖ ಆ ಕಾಗೆಗೆ ಗೊತ್ತು. ಕೆಳಗೆ ಧಾವಿಸಿ ಹೋಗುವವನದು ಗೊತ್ತಿಲ್ಲ, ಅಷ್ಟೇ ವ್ಯತ್ಯಾಸ.

ಇಷ್ಟು ಶ್ರದ್ಧೆಯಿಂದ ಕಾಗೆ ಕಾಯುವ ಗೂಡಿನಲ್ಲಿ ಎಷ್ಟೋ ಸಲ ಕೋಗಿಲೆಯ ಮರಿಯೂ ಇರುತ್ತದೆ. ಪರರಿಂದ ಸಾಕಿಸಿಕೊಳ್ಳುವುದಕ್ಕೇ ಕಾವ್ಯಗಳು ಕೋಗಿಲೆಯನ್ನು ಪರಭೃತ ಎಂದವು. ಆ ಮರಿಗೂ ಕಾಗೆ ಅಷ್ಟೇ ಜೋರಾಗಿ ಎರಗುತ್ತದೆ. ಮುಖ ನೆನಪಿಡುವುದರಲ್ಲಿ ಇಷ್ಟು ಜಾಣ ಹಕ್ಕಿ, ತನ್ನ ಗೂಡಿನೊಳಗೆ ಬಾಯಿ ತೆರೆದು ಕೂತವರು ಯಾರೆಂದು ಮಾತ್ರ ವಿಚಾರಿಸುವುದಿಲ್ಲ.