ಠಾಣೆಗೂ ಮೊದಲು ತೋಟಿ ಇದ್ದ

ಪೊಲೀಸ್ ಇತಿಹಾಸ ಅಂದ ಕೂಡಲೇ ಎಲ್ಲರೂ ಶುರು ಮಾಡೋದು 1861ರ ಕಾಯ್ದೆಯಿಂದ. 1857ರ ಬಂಡಾಯದಿಂದ ಬೆದರಿದ ಬ್ರಿಟಿಷರು ಜನರನ್ನ ಹದ್ದುಬಸ್ತಿನಲ್ಲಿ ಇಡೋದಕ್ಕೆ ಕಟ್ಟಿದ ಪಡೆ, ಮೇಲೆ ಬಿಳಿ ಸಾಹೇಬ, ಕೆಳಗೆ ಪೇದೆ. ಬಳ್ಳಾರಿ, ಮಂಗಳೂರು ಇದ್ದ ಮದ್ರಾಸ್ ಪ್ರಾಂತ್ಯದಲ್ಲಿ ಇದಕ್ಕೂ ಎರಡು ವರ್ಷ ಮೊದಲೇ, 1859ರಲ್ಲೇ, ಪೊಲೀಸ್ ಕಾಯ್ದೆ ಬಂದಿತ್ತು. ಇದೆಲ್ಲ ನಿಜ. ಆದರೆ ಆ ಠಾಣೆ ನಮ್ಮ ಹಳ್ಳಿಯಿಂದ ಹತ್ತಾರು ಮೈಲಿ ದೂರ ಇತ್ತು. ರಾತ್ರಿ ಹೊತ್ತು ಊರು ಕಾದವರು ಯಾರು? ಈ ಪ್ರಶ್ನೆಯನ್ನ ಪೊಲೀಸ್ ಇತಿಹಾಸ ಬರೆಯೋರು ಕೇಳೋದೇ ಅಪರೂಪ.

ತೋಟಿ, ತಳವಾರ ಕಾದರು. ಮುಂಬೈ ಕರ್ನಾಟಕದ ಕಡೆ ಮಹಾರರು, ಹೊಲೆಯರು. (ತಳವಾರಿಕೆ ಎಲ್ಲ ಕಡೆ ನಮ್ಮದೇ ಅಲ್ಲ, ಬೇಡರೂ ಮಾಡಿದ್ದಾರೆ. ಇದನ್ನ ಮರೆಯಬಾರದು.) ರಾತ್ರಿ ಗಸ್ತು, ಊರಿಗೆ ಬಂದ ಹೊಸಬರ ಮೇಲೆ ಕಣ್ಣು, ಕಳವಾದರೆ ಜಾಡು ಹಿಡಿಯೋದು, ಠಾಣೆಗೆ ಸುದ್ದಿ ಮುಟ್ಟಿಸೋದು, ಅನಾಥ ಹೆಣ ಕಾಯೋದು, ಸಾಹೇಬರು ಬಂದ್ರೆ ಗಂಟುಮೂಟೆ ಹೊರೋದು. 1898ರ ದಂಡ ಪ್ರಕ್ರಿಯಾ ಸಂಹಿತೆಯ 45ನೇ ಕಲಮು ಊರಲ್ಲಿ ನಡೆದ ಅಪರಾಧದ ಸುದ್ದಿಯನ್ನ ಪಟೇಲನಷ್ಟೇ ಅಲ್ಲ, ಕಾವಲಿನವನೂ ಮುಟ್ಟಿಸಲೇಬೇಕು ಅಂತ ಕಡ್ಡಾಯ ಮಾಡಿತ್ತು. ಮುಟ್ಟಿಸದಿದ್ದರೆ ಅದೇ ಒಂದು ಅಪರಾಧ. ಅಂದರೆ ಕಾನೂನಿನ ಕಣ್ಣಲ್ಲಿ ನಮ್ಮ ಅಜ್ಜಂದಿರು ಪೊಲೀಸ್ ವ್ಯವಸ್ಥೆಯ ಭಾಗವೇ. ಸಮವಸ್ತ್ರ ಇಲ್ಲ, ಸಂಬಳ ಇಲ್ಲ, ಪಿಂಚಣಿ ಇಲ್ಲ, ಅಷ್ಟೇ.

ಹಾಗಾದ್ರೆ ಹೊಟ್ಟೆಗೆ? ಒಂದಿಷ್ಟು ಇನಾಮು ಭೂಮಿ, ಜೊತೆಗೆ ಸುಗ್ಗಿಯಲ್ಲಿ ರೈತರ ಕಣಕ್ಕೆ ಹೋಗಿ ತರೋ ಆಯ. ನನ್ನ ಪ್ರಕಾರ ಇಡೀ ಕತೆಯ ಗಂಟು ಇರೋದು ಇಲ್ಲೇ. ಯಾರ ಮೇಲೆ ಕಣ್ಣಿಡಬೇಕೋ ಅವರ ಕಣದಲ್ಲೇ ಇವನ ಅನ್ನ. ಗೌಡನ ಮಗ ಕೇರಿಯ ಹೆಣ್ಣುಮಗಳ ಮೇಲೆ ಕೈ ಮಾಡಿದ್ರೆ ತೋಟಿ ಠಾಣೆಗೆ ಹೋಗಿ ಹೇಳ್ತಾನಾ? ಹೇಳೋದಿದ್ರೂ ಯಾರಿಗೆ ಹೇಳಬೇಕು? 1867ರ ಮುಂಬೈ ಗ್ರಾಮ ಪೊಲೀಸ್ ಕಾಯ್ದೆ ಹಳ್ಳಿಯ ಪೊಲೀಸ್ ಅಧಿಕಾರ ಕೊಟ್ಟಿದ್ದು ಪೊಲೀಸ್ ಪಾಟೀಲನಿಗೆ. ಹಳೇ ಮೈಸೂರಿನಲ್ಲಿ ಪಟೇಲ. ಹೆಚ್ಚಿನ ಕಡೆ ಊರಿನ ದೊಡ್ಡ ಜಮೀನ್ದಾರನೂ ಅವನೇ. ಠಾಣೆಯಿಂದ ಬಂದ ಪೊಲೀಸಿನವನೂ ಉಳಿದುಕೊಂಡಿದ್ದು, ಉಂಡಿದ್ದು ಅದೇ ಮನೇಲಿ. ಕೇರಿಯೊಳಗೆ ಕಾಲಿಟ್ಟರೆ ಮೈಲಿಗೆ ಅನ್ನೋನು ಕೇರಿಯವರ ಹೇಳಿಕೆ ಹೇಗೆ ಬರ್ಕೋತಾನೆ?

1902ರಲ್ಲಿ ಆಂಡ್ರ್ಯೂ ಫ್ರೇಸರ್ ಅಧ್ಯಕ್ಷತೆಯ ಪೊಲೀಸ್ ಆಯೋಗ ಕೂತಿತು. ಪಡೆ ಅದಕ್ಷ, ಜನರ ಕಣ್ಣಲ್ಲಿ ಭ್ರಷ್ಟ, ದಬ್ಬಾಳಿಕೆಯದು ಅಂತ ಸರ್ಕಾರದ ಆಯೋಗವೇ ಬರೆದುಕೊಟ್ಟಿತು. ಆದರೂ ತೋಟಿಯ ಕೂಲಿ ಕಣದಲ್ಲೇ ಉಳೀತು.

ಆ ಗಂಟಿಗೆ ನೇರವಾಗಿ ಕೈ ಹಾಕಿದವರು ಬಾಬಾಸಾಹೇಬರು. 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ 1874ರ ವತನ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ಬೆಳಗಾವಿ, ಧಾರವಾಡ, ವಿಜಯಪುರ ಆಗ ಮುಂಬೈ ಪ್ರಾಂತ್ಯದಲ್ಲೇ ಇದ್ದವು, ಹಾಗಾಗಿ ಇದು ನಮ್ಮ ಕತೆಯೂ ಹೌದು. ಹಗಲು ರಾತ್ರಿ ಚಾಕರಿ, ವತನದಾರ ಇಲ್ಲದಿದ್ದರೆ ಅವನ ಮನೆಯವರನ್ನ ಎಳಕೊಂಡು ಹೋಗೋದು, ಸರ್ಕಾರದ ಕೆಲಸಕ್ಕೆ ಊರವರಿಂದ ಕಾಳು ಬೇಡೋದು, ಇದೆಲ್ಲ ಗುಲಾಮಗಿರಿ ಅಂದರು. ಕೆಲಸ ಸರ್ಕಾರದ್ದಾದ ಮೇಲೆ ಸಂಬಳವೂ ಸರ್ಕಾರದ ಖಜಾನೆಯಿಂದಲೇ ಬರಲಿ ಅನ್ನೋದು ಅವರ ವಾದ. ಮಸೂದೆ ಪಾಸಾಗಲಿಲ್ಲ, 1929ರಲ್ಲಿ ಹಿಂದೆ ತಗೊಳ್ಳಬೇಕಾಯ್ತು. ಮರುವರ್ಷ ಸ್ಟಾರ್ಟ್ ಸಮಿತಿಯ ವರದಿ ಬಂತು. ಬಾಬಾಸಾಹೇಬರೂ ಅದರ ಸದಸ್ಯರು. ಹಕ್ಕು ಕೇಳಿದ ಅಸ್ಪೃಶ್ಯರನ್ನ ಸವರ್ಣೀಯರು ಜಮೀನಿನಿಂದ ಓಡಿಸ್ತಾರೆ, ಕೂಲಿ ನಿಲ್ಲಿಸ್ತಾರೆ, ಊರ ಚಾಕರಿಗೆ ಕೊಡೋ ಆಯವನ್ನೂ ನಿಲ್ಲಿಸ್ತಾರೆ ಅಂತ ಅದು ದಾಖಲಿಸಿದೆ.

1956ರ ನವೆಂಬರ್ 1ಕ್ಕೆ ಮೈಸೂರು, ಮುಂಬೈ, ಮದ್ರಾಸ್, ಹೈದರಾಬಾದ್, ಕೊಡಗು, ಹೀಗೆ ಐದು ಆಡಳಿತಗಳ ಪೊಲೀಸರು ಒಂದೇ ರಾಜ್ಯದ ಪೊಲೀಸರಾದರು. 1961ರ ಕಾಯ್ದೆಯಿಂದ ತೋಟಿ, ತಳವಾರ, ಪಟೇಲ ಹುದ್ದೆಗಳೆಲ್ಲ ರದ್ದಾದವು. 1963ರಲ್ಲಿ ರೂಪುಗೊಂಡ ಮೈಸೂರು ಪೊಲೀಸ್ ಕಾಯ್ದೆಯೇ ಈಗಿನ ಕರ್ನಾಟಕ ಪೊಲೀಸ್ ಕಾಯ್ದೆ. ಮೀಸಲಾತಿಯಿಂದ ನಮ್ಮ ಹುಡುಗರು ಹುಡುಗಿಯರು ಖಾಕಿ ತೊಟ್ಟರು. ಇದೇನು ಸಣ್ಣ ಬದಲಾವಣೆ ಅಲ್ಲ.

ಆದ್ರೆ ಕಣದ ಲೆಕ್ಕ ಮುಗೀತಾ? 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆ, 2014ರಲ್ಲಿ ಹೈಕೋರ್ಟಿನಲ್ಲೂ ಅದೇ ತೀರ್ಪು ಉಳೀತು. ಸಾಕ್ಷಿ ಹೇಳಿದವನು ಸಂಜೆ ಹೋಗಿ ಮಲಗೋದು ಅದೇ ಊರಲ್ಲಿ, ಬೆಳಗಾದರೆ ಕೂಲಿಗೆ ಹೋಗೋದು ಯಾರ ಹೊಲಕ್ಕೆ ಅನ್ನೋದನ್ನ ಯಾವ ಚಾರ್ಜ್‌ಶೀಟೂ ಬರೆಯಲ್ಲ. ಇವತ್ತಿಗೂ ಜಾತಿ ನಿಂದನೆ ದೂರು ಕೊಡೋಕೆ ಹೋದ್ರೆ "ಊರಲ್ಲೇ ಕೂತು ಮಾತಾಡ್ಕೊಳ್ಳಿ" ಅನ್ನೋ ಠಾಣೆಗಳಿವೆ. ಒತ್ತಾಯ ಮಾಡಿದ್ರೆ ಎದುರು ಕೇಸು ರೆಡಿ.

1989ರ ದೌರ್ಜನ್ಯ ತಡೆ ಕಾಯ್ದೆ ಬರೆದವರಿಗೆ ಇದೆಲ್ಲ ಗೊತ್ತಿತ್ತು ಅನ್ಸುತ್ತೆ. ಕರ್ತವ್ಯ ಬೇಕಂತಲೇ ಬಿಟ್ಟ ಅಧಿಕಾರಿಗೆ 4ನೇ ಕಲಮಿನಲ್ಲಿ ಶಿಕ್ಷೆ ಇದೆ. 1995ರ ನಿಯಮಗಳಲ್ಲಿ ಡಿವೈಎಸ್ಪಿಗಿಂತ ಕೆಳಗಿನವರು ತನಿಖೆ ಮಾಡಬಾರದು ಅಂತಿದೆ. ನಾವು ಹೆಚ್ಚು ಓದದ 13ನೇ ನಿಯಮವೂ ಇದೆ. ಪೊಲೀಸ್ ಪಡೆಯ ಎಲ್ಲ ಹಂತದಲ್ಲಿ, ವಿಶೇಷವಾಗಿ ಠಾಣೆ ಮತ್ತು ಹೊರಠಾಣೆ ಮಟ್ಟದಲ್ಲಿ, ಎಸ್‌ಸಿ ಎಸ್‌ಟಿ ಸಿಬ್ಬಂದಿ ಸಾಕಷ್ಟು ಇರೋ ಹಾಗೆ ನೋಡಿಕೊಳ್ಳೋದು ರಾಜ್ಯ ಸರ್ಕಾರದ ಜವಾಬ್ದಾರಿ ಅಂತ ಅದು ಹೇಳುತ್ತೆ.

2025ರಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ 33 ಪ್ರತ್ಯೇಕ ಠಾಣೆಗಳು ಬಂದಿವೆ. ನಮ್ಮ ಚಳವಳಿ ಬಹಳ ಕಾಲದಿಂದ ಕೇಳಿದ್ದು ಇದನ್ನೇ, ಸಂತೋಷ. ಆದರೆ ಫಲಕ ನೋಡಿ ಫೋಟೋ ಹಾಕಿ ಸುಮ್ಮನಾಗೋದು ಬೇಡ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕೋಣ. ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ದೂರು ಬಂದ ದಿನವೇ ಎಫ್‌ಐಆರ್ ಆಗಿದ್ದು ಎಷ್ಟು, 4ನೇ ಕಲಮಿನಲ್ಲಿ ಎಷ್ಟು ಅಧಿಕಾರಿಗಳ ಮೇಲೆ ಕೇಸಾಗಿದೆ, 13ನೇ ನಿಯಮದ ಪ್ರಕಾರ ಏನು ಮಾಡಿದ್ದಾರೆ. ಅರ್ಜಿಯ ನಮೂನೆ ಕಾಮೆಂಟಿನಲ್ಲಿ ಹಾಕ್ತೀನಿ. ನಿಮ್ಮ ಜಿಲ್ಲೆಯ ಉತ್ತರ ಬಂದ್ರೆ ಇಲ್ಲೇ ಹಾಕಿ.

ಜೈ ಭೀಮ್.