ಪಕ್ಕದಲ್ಲೇ ಕೂತ ಹಗೆ

ಡಬಲ್ ಏಜೆಂಟ್ ಎಂದರೆ ಈಗಿನ ಹುಡುಗರಿಗೆ ‘ಏಜೆಂಟ್ಸ್ ಆಫ್ ಶೀಲ್ಡ್’ ಟಿವಿ ಸರಣಿಯ ಗ್ರಾಂಟ್ ವಾರ್ಡ್ ನೆನಪಾಗಬಹುದು. ಆ ಕಸುಬನ್ನು ನಮ್ಮವನೊಬ್ಬ ಎಂದೋ ಕಲಿತಿದ್ದ. ಅವನೇ ಶಕುನಿ.

ಹುಟ್ಟಿನಲ್ಲಿ ಅವನು ಅಂಥವನಲ್ಲ. ವ್ಯಾಸಭಾರತದ ಶಕುನಿ ಅಳಿಯನ ಪರವಾಗಿಯೇ ಜೂಜಾಡಿ, ಹದಿನೆಂಟನೆಯ ದಿನ ಸಹದೇವನ ಕೈಯಲ್ಲಿ ಸಾಯುತ್ತಾನೆ. ಕುಮಾರವ್ಯಾಸನಲ್ಲೂ ಅವನು ಕೌರವರ ಕಡೆಯವನೇ. ಅವನ ಎದೆಯಲ್ಲಿ ಹಗೆ ನೆಟ್ಟದ್ದು ಜನಪದ. ದುರ್ಯೋಧನ ಗಾಂಧಾರದವರನ್ನೆಲ್ಲ ಸೆರೆಗೆ ತಳ್ಳಿ ಆಳಿಗೊಂದು ಅಗುಳು ಅನ್ನ ಹಾಕಿಸಿದನಂತೆ. ಒಬ್ಬನಾದರೂ ಉಳಿಯಲೆಂದು ಎಲ್ಲರೂ ತಮ್ಮ ಪಾಲನ್ನು ಶಕುನಿಗೆ ಕೊಟ್ಟು ಸತ್ತರಂತೆ. ಅಪ್ಪನ ಮೂಳೆಯೇ ದಾಳವಾಯಿತಂತೆ. 15ನೇ ಶತಮಾನದ ಒಡಿಯಾ ಕವಿ ಸಾರಳಾ ದಾಸನಲ್ಲೂ ಈ ಜಾಡಿನ ಕಥೆಯಿದೆ. ನಮ್ಮ ಹಳ್ಳಿಗಳ ‘ಕುರುಕ್ಷೇತ್ರ’ ನಾಟಕ ನೋಡಿದವರಿಗೆ ಈ ಶಕುನಿಯೇ ನಿಜವಾದವನು. ಕೌರವರ ಕುಲವನ್ನು ಅಳಿಸಲೆಂದೇ ಅವನು ಅದರ ಉಪ್ಪು ತಿನ್ನುತ್ತಾನೆ, ಅದು ನಮಗೆ ಗೊತ್ತು, ದುರ್ಯೋಧನನಿಗೆ ಗೊತ್ತಿಲ್ಲ. ನನ್ನ ಮಟ್ಟಿಗೆ ಆ ನಾಟಕದ ಸೊಗಸೆಲ್ಲ ಇರುವುದು ಇಲ್ಲೇ.

1988ರ ಅಕ್ಟೋಬರ್ 2ರಂದು ಬಿ.ಆರ್. ಚೋಪ್ರಾ ‘ಮಹಾಭಾರತ್’ ದೂರದರ್ಶನದಲ್ಲಿ ಶುರುವಾಯಿತು. ತಮಿಳುನಾಡಿನಲ್ಲಿ ತೇಣಿ, ಕಂಬಂ ಕಣಿವೆಯ ಕಾಪಿಲಿಯ ಸಮುದಾಯದವರದೂ ದಿಂಡಿಗಲ್ ಪಕ್ಕದ ಚಿನ್ನಾಳಪಟ್ಟಿಯ ದೇವಾಂಗ ನೇಕಾರರದೂ ಮನೆಮಾತು ಕನ್ನಡ, ಶಾಲೆಯ ಮಾತು ತಮಿಳು. ಧಾರಾವಾಹಿಯ ಹಿಂದಿ ಎರಡೂ ಅಲ್ಲ. ಗೂಫಿ ಪೆಂಟಲ್ ಕಟ್ಟಿದ ಶಕುನಿಗೆ ಆ ತೊಡಕೂ ಇರಲಿಲ್ಲ. ಕುಂಟುನಡೆ, ಓರೆನೋಟ, ಅಂಗೈಯಲ್ಲಿ ಉಜ್ಜುವ ದಾಳ ಸಾಕಿತ್ತು. ಹಗೆಗೆ ಅಲ್ಲಿ ಕೊಟ್ಟ ಕಾರಣ, ತಂಗಿಯನ್ನು ಕುರುಡನಿಗೆ ಕೊಟ್ಟ ಅವಮಾನ. ಸೆರೆಮನೆಯ ಹಸಿವಿನ ಮುಂದೆ ಅದು ಸಪ್ಪೆ ಎಂದೇ ನನಗನಿಸುತ್ತದೆ.

ಅದೇ ಧಾರಾವಾಹಿಯ ಭೀಷ್ಮ, ಮುಕೇಶ್ ಖನ್ನಾ, 1997ರಲ್ಲಿ ‘ಶಕ್ತಿಮಾನ್’ ಆದರು. ಅಲ್ಲಿನ ಖಳ ಕಿಲ್ವಿಶ್ ಕತ್ತಲಲ್ಲಿ ಕೂತು ಅಬ್ಬರಿಸುವವನು, ಹೊರಗಿನ ಶತ್ರು. ಹಿಂದೊಮ್ಮೆ ಕೈಸೇರಿದ್ದ ಒಳಗಿನ ಹಗೆಯನ್ನು ನಮ್ಮ ಸೂಪರ್‌ಹೀರೋ ಬಿಟ್ಟುಕೊಟ್ಟ.

ವಾರ್ಡ್‌ನದು ಬೇರೆ ಬಗೆ. 2013ರ ಸೆಪ್ಟೆಂಬರ್ 24ರಂದು ಶುರುವಾದ ಆ ಸರಣಿಯಲ್ಲಿ ಅವನು ಹದಿನಾರು ಕಂತು ಭರವಸೆಯ ಗೆಳೆಯ. ಹದಿನೇಳನೆಯದರಲ್ಲಿ ಗುಂಡು ಹಾರಿಸಿ, ತಾನು ಶತ್ರುಪಾಳೆಯವಾದ ಹೈಡ್ರಾದವನೆಂದು ತೋರಿಸಿಕೊಳ್ಳುತ್ತಾನೆ. ಅವನ ನಿಷ್ಠೆ ಸಿದ್ಧಾಂತಕ್ಕಲ್ಲ, ಹುಡುಗನಾಗಿದ್ದಾಗ ತನ್ನನ್ನು ಬಂಧನದಿಂದ ಬಿಡಿಸಿದ ಗ್ಯಾರೆಟ್‌ಗೆ. ಶಕುನಿಯ ಗುಟ್ಟನ್ನು ನೋಡುಗನಿಗೆ ಮೊದಲೇ ಹೇಳುತ್ತಾರೆ; ವಾರ್ಡ್ ನೋಡುಗನಿಗೂ ಮೋಸ ಮಾಡುತ್ತಾನೆ. ಆ ಬೆರಗು ಒಂದೇ ಸಲದ್ದು. ಗೊತ್ತಿದ್ದೂ ಮತ್ತೆ ಮತ್ತೆ ನೋಡಿಸಿಕೊಳ್ಳುವ ಶಕ್ತಿ ಶಕುನಿಯದೇ.

ವಾರ್ಡ್ ಬರುವುದಕ್ಕೆ ಎಂಟು ದಿನ ಮೊದಲು, ಸೆಪ್ಟೆಂಬರ್ 16ರಂದು, ಸ್ಟಾರ್ ಪ್ಲಸ್‌ನಲ್ಲಿ ಹೊಸ ‘ಮಹಾಭಾರತ್’ ಬಂತು. ಪ್ರಣೀತ್ ಭಟ್ ಶಕುನಿ. ಅದೇ ವರ್ಷ ವಿಜಯ್ ಟಿವಿ ಅದನ್ನು ತಮಿಳಿಗೆ ತಂದಿತು. ಕರ್ನಾಟಕದಲ್ಲಾದರೋ ಆಗ ಡಬ್ಬಿಂಗ್‌ಗೆ ದಶಕಗಳ ಅಘೋಷಿತ ತಡೆಯಿತ್ತು. ಕನ್ನಡದ್ದೇ ಆದ ‘ಕುರುಕ್ಷೇತ್ರ’ ಸಿನಿಮಾದಲ್ಲಿ ಪಿ. ರವಿಶಂಕರ್ ಶಕುನಿಯಾದದ್ದು 2019ರಲ್ಲಿ. ಸ್ಟಾರ್ ಪ್ಲಸ್‌ನ ಆ ‘ಮಹಾಭಾರತ’ ಕನ್ನಡಕ್ಕೆ ಡಬ್ ಆಗಿ ಸ್ಟಾರ್ ಸುವರ್ಣದಲ್ಲಿ ಮೂಡಿದ್ದು 2020ರ ಲಾಕ್‌ಡೌನ್‌ನಲ್ಲಿ. ಬೆಂಗಳೂರಿನ ಮನೆಗಳಲ್ಲಿ ಆ ಶಕುನಿ ಕನ್ನಡ ಮಾತಾಡುವ ಹೊತ್ತಿಗೆ, ಕಂಬಂ ಕಡೆಯ ಕನ್ನಡದ ಮನೆಗಳಿಗೆ ಅವನು ತಮಿಳಿನಲ್ಲಿ ಬಂದು ಏಳು ವರ್ಷವಾಗಿತ್ತು.