ಜಮಾಯಿಸು: ಎಣಿಸುವವರ ಮಾತು, ಕೂಡುವವರ ಮಾತು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗಾಗಿ ಈ ಸಂಚಿಕೆಯ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಸಮಯ ಸಾಲದೆ ಅಲ್ಲಿ ಬಿಟ್ಟ ಒಂದೆರಡು ವಿಷಯಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಇವತ್ತಿನ ಪದ 'ಜಮಾಯಿಸು'. 'ಚೌಕದಲ್ಲಿ ಜನ ಜಮಾಯಿಸಿದರು' ಅಂತೀವಿ. 'ಖಾತೆಗೆ ದುಡ್ಡು ಜಮಾ ಆಯ್ತಾ?' ಅಂತ ಕೇಳ್ತೀವಿ. ಎರಡೂ ಕಡೆ ಅರ್ಥ ಒಂದೇ: ಚೆದುರಿದ್ದು ಒಂದು ಕಡೆ ಸೇರೋದು. ಈ ಕೆಲಸಕ್ಕೆ ಕನ್ನಡದಲ್ಲಿ ಪದಗಳ ಬರ ಇತ್ತಾ? ಖಂಡಿತ ಇರಲಿಲ್ಲ. ಹಾಗಾದರೆ ಇನ್ನೊಂದು ಯಾಕೆ ಬಂತು, ಯಾರ ಜೊತೆ ಬಂತು, ಬಂದ ಮೇಲೆ ಏನು ಮಾಡ್ತು?

ಮೊದಲು ಮನೆಯಲ್ಲೇ ಇದ್ದ ಪದಗಳನ್ನು ನೋಡೋಣ. ಅಕ್ಕಿಯಲ್ಲಿರೋ ಕಲ್ಲನ್ನು ಆಯ್ತೀವಿ. ಬಿದ್ದ ಅಡಿಕೆಯನ್ನು ಕರಾವಳಿ, ಮಲೆನಾಡಿನವರು ಹೆಕ್ತಾರೆ. ಕಸ ಬಾಚ್ತೀವಿ. ಬಣವೆ ಒಟ್ತೀವಿ. ಮಾಹಿತಿ ಕಲೆಹಾಕ್ತೀವಿ. ಕಲಬುರಗಿ ಕಡೆ ಜೋಳದ ರಾಶಿ ಮಾಡ್ತಾರೆ. ಒಂದನ್ನು ತೆಗೆದು ಇನ್ನೊಂದರ ಜಾಗದಲ್ಲಿಟ್ಟರೆ ವಾಕ್ಯ ಕೆಡುತ್ತೆ. ಆಯೋದರಲ್ಲಿ ಕಣ್ಣಿನ ಕೆಲಸ ಇದೆ, ಬೇಕಾದ್ದು ಬೇಡದ್ದು ಬೇರೆಯಾಗಬೇಕು. ಬಾಚೋದರಲ್ಲಿ ಆ ತಾಳ್ಮೆ ಇಲ್ಲ. ಒಟ್ಟೋದರಲ್ಲಿ ಒಂದರ ಮೇಲೊಂದು ಇಡೋ ಕ್ರಮ ಇದೆ. ನನ್ನಂಥ ಸಾಫ್ಟ್‌ವೇರ್ ಮಂದಿಗೆ ಅರ್ಥ ಆಗೋ ಹಾಗೆ ಹೇಳಬೇಕು ಅಂದರೆ, ಗಿಟ್‌ನಲ್ಲಿ ಚೆರ್ರಿ-ಪಿಕ್ ಅಂದರೆ ಆಯೋದು, ಮರ್ಜ್ ಅಂದರೆ ಕೂಡಿಸೋದು, ಸ್ಟ್ಯಾಶ್ ಅಂದರೆ ಕೂಡಿಡೋದು.

ಇವುಗಳಲ್ಲಿ ದೊಡ್ಡ ಸಂಸಾರ 'ಕೂಡು' ಪದದ್ದು. ತಮಿಳು, ತೆಲುಗು, ಮಲಯಾಳಂಗಳಲ್ಲೂ ಇದರ ಅಣ್ಣತಮ್ಮಂದಿರಿದ್ದಾರೆ. ಕೂಟ, ಕೂಡಿಕೆ, ಒಕ್ಕೂಟ ಎಲ್ಲ ಇದರ ಮಕ್ಕಳು. ಶಾಲೆಯಲ್ಲಿ ಕಲಿಯೋ ಮೊದಲ ಲೆಕ್ಕ ಕೂಡೋ ಲೆಕ್ಕ. ಕೃಷ್ಣಾ, ಮಲಪ್ರಭಾ ಸೇರುವ ಕೂಡಲಸಂಗಮದ ಹೆಸರಲ್ಲಿ ಕನ್ನಡದ ಕೂಡಲ, ಸಂಸ್ಕೃತದ ಸಂಗಮ ಎರಡೂ ಒಂದೇ ಮಾತನ್ನು ಹೇಳ್ತಿವೆ.

ಈಗ ನಮ್ಮ ಕಥಾನಾಯಕ. 'ಜಮಾ' ಮೂಲದಲ್ಲಿ ಅರಬ್ಬಿ ಪದ, ಪಾರ್ಸಿ ಆಡಳಿತದ ಜೊತೆ ದಖ್ಖನಿಗೆ ಬಂತು. ಅರ್ಥ ಕೂಡಿಸೋದು. ಗಮ್ಮತ್ತು ನೋಡಿ, ಅಲ್ಲೂ ಸಂಕಲನದ ಲೆಕ್ಕಕ್ಕೆ ಇದೇ ಪದ. ಉರ್ದು ವ್ಯಾಕರಣದಲ್ಲಿ ಏಕವಚನ 'ವಾಹಿದ್', ಬಹುವಚನ 'ಜಮಾ'. ಜನ ಕೂಡಿ ನಮಾಜು ಮಾಡೋ ಶುಕ್ರವಾರ 'ಜುಮಾ'. ಅದರ ಹಿಂದಿನ ರಾತ್ರಿ 'ಜುಮೇರಾತ್', ಆಮೇಲೆ ಅದೇ ಗುರುವಾರದ ಹೆಸರಾಯ್ತು. ನಮ್ಮ ಹೈದರಾಬಾದಿನ ಹಳೇ ಸಾಮಾನುಗಳ ಜುಮೇರಾತ್ ಬಜಾರಿಗೆ ಹೆಸರು ಬಂದಿದ್ದು ಹೀಗೆ. ಊರಿನ ಜನರನ್ನೆಲ್ಲ ಕೂಡಿಸೋ ಮಸೀದಿ ಜಾಮಿ ಮಸೀದಿ. ಕಲಬುರಗಿ ಕೋಟೆಯೊಳಗೆ ಬಹಮನಿಗಳು 1367ರಲ್ಲಿ ಕಟ್ಟಿದ ಜಾಮಿ ಮಸೀದಿಯಲ್ಲಿ ತೆರೆದ ಅಂಗಳವೇ ಇಲ್ಲ, ಪೂರ್ತಿ ಸೂರಿನ ಕೆಳಗೇ ಜನ ಸೇರಬೇಕು. ಅರಬ್ಬಿಯಲ್ಲಿ ವಿಶ್ವವಿದ್ಯಾಲಯವೂ 'ಜಾಮಿಯಾ'. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಉರ್ದು ಹೆಸರು ಜಾಮಿಯಾ ಉಸ್ಮಾನಿಯಾ. ಎಂಎಂಟಿಎಸ್ ರೈಲಲ್ಲಿ ಓಡಾಡೋರು ಆ ಹೆಸರಿನ ಸ್ಟೇಷನ್ ದಾಟಿಯೇ ಇರ್ತೀರಿ.

ಇಲ್ಲೊಂದು ಎಚ್ಚರಿಕೆ. 'ಜಮೀನು' ಈ ಮನೆಯವನಲ್ಲ, ಅದು ನೆಲ ಅನ್ನೋ ಅರ್ಥದ ಪಾರ್ಸಿ ಪದ. 'ಜಾಮೀನು' ಹೊಣೆ ಹೊರುವವನು ಅನ್ನೋ ಅರ್ಥದ ಬೇರೆ ಅರಬ್ಬಿ ಪದ. ಆ ಭಾಷೆಗಳಲ್ಲಿ ಅಕ್ಷರಗಳು ಬೇರೆ ಬೇರೆ. ಕನ್ನಡಕ್ಕೆ ಬಂದ ಮೇಲೆ ಎಲ್ಲ ಒಂದೇ 'ಜ' ಆಗಿ ನೆಂಟರ ಹಾಗೆ ಕಾಣ್ತವೆ, ಅಷ್ಟೇ.

ಹಾಗಾದರೆ ನಮ್ಮ ಹಳ್ಳಿಗಳಿಗೆ 'ಜಮಾ' ತಂದವರು ಯಾರು? ಕಂದಾಯ ಕಚೇರಿಯವರು. ಹೈದರಾಬಾದಿಗೆ ಮಾತ್ರ ಸೇರಿದ ಮಾತಲ್ಲ ಇದು, ಮರಾಠರ ದಫ್ತರದಲ್ಲೂ ಮೈಸೂರಿನ ಕಚೇರಿಯಲ್ಲೂ ಇತ್ತು. ಆದರೆ ನಿಜಾಮರ ರಾಜ್ಯದ 16 ಜಿಲ್ಲೆಗಳಲ್ಲಿ ಬೀದರ, ಕಲಬುರಗಿ, ರಾಯಚೂರು ಈ ಮೂರು ಕನ್ನಡ ಜಿಲ್ಲೆಗಳಿಗೆ ಸರ್ಕಾರ ಅಂದರೇನೇ ಪಾರ್ಸಿ, 1880ರ ದಶಕದಿಂದ ಉರ್ದು. ರೈತ ಮನೆಯಲ್ಲಿ ಕೂಡಿಡ್ತಿದ್ದ, ಕಚೇರಿಯಲ್ಲಿ ಜಮಾ ಆಗ್ತಿತ್ತು.

ಈ ಲೆಕ್ಕದ ಪದಗಳನ್ನು ಬಿಚ್ಚಿ ನೋಡಿ. ಖರ್ಚು ಅಂದರೆ ಹೊರಗೆ ಹೋಗಿದ್ದು. ವಸೂಲು ಅಂದರೆ ಬಂದು ತಲುಪಿದ್ದು. ಬಾಕಿ ಅಂದರೆ ಉಳಿದಿದ್ದು. ಜಮಾ? ಮನೆಯ ಜಮಾ-ಖರ್ಚಿನಲ್ಲಿ ಅದು ಕೈಗೆ ಬಂದ ದುಡ್ಡು. ಆದರೆ ಕಂದಾಯದ ಭಾಷೆಯಲ್ಲಿ ಜಮಾ ಅಂದರೆ ಊರಿನ ಮೇಲೆ ಕಟ್ಟಿದ ಒಟ್ಟು ಬೇಡಿಕೆ. ಇನ್ನೂ ಬಂದಿಲ್ಲ, ಬರಬೇಕು ಅಂತ ಬರೆದಿಟ್ಟಿದ್ದು. ಆ ಬೇಡಿಕೆಯನ್ನು ಗೊತ್ತು ಮಾಡೋ ಕೆಲಸವೇ ಜಮಾಬಂದಿ. ಅಂದರೆ ಜಮಾ ಮೊದಲು ಕಾಗದದ ಮೇಲೆ ಕೂಡುತ್ತೆ, ಆಮೇಲೆ ರೈತನ ಮನೆಯಿಂದ ಬರುತ್ತೆ. ಮಳೆ ಬಂತಾ, ಬೆಳೆ ಬಂತಾ ಅನ್ನೋದು ಆ ಅಂಕಣದಲ್ಲಿ ಇರೋದಿಲ್ಲ. ಜಮಾಗೂ ವಸೂಲಿಗೂ ನಡುವೆ ಇದ್ದ ಅಂತರದಲ್ಲೇ ರೈತನ ಬದುಕು, ಸಾಲ, ಎತ್ತು, ಬೀಜ ಎಲ್ಲ ಇದ್ದವು.

1853ರಲ್ಲಿ ಮೊದಲನೇ ಸಾಲಾರ್ ಜಂಗ್ ದಿವಾನರಾಗೋ ಹೊತ್ತಿಗೆ ಹೈದರಾಬಾದಿನ ಖಜಾನೆ ಸಾಲದಲ್ಲಿ ಮುಳುಗಿತ್ತು. ಕಂದಾಯ ಎತ್ತೋ ಹಕ್ಕನ್ನೇ ಗುತ್ತಿಗೆಗೆ ಕೊಡ್ತಿದ್ರು. ಗುತ್ತಿಗೆದಾರ ಸರ್ಕಾರಕ್ಕೆ ಇಷ್ಟು ಅಂತ ಕೊಟ್ಟು, ರೈತರಿಂದ ಎಷ್ಟು ಬಾಚಿದರೂ ಕೇಳೋರಿರಲಿಲ್ಲ. ಹೌದು, ಇಲ್ಲಿ 'ಬಾಚು' ಪದವೇ ಸರಿ. ಸಾಲಾರ್ ಜಂಗ್ ಆ ಗುತ್ತಿಗೆ ಪದ್ಧತಿ ತೆಗೆದರು, 1865ರಲ್ಲಿ ಜಿಲ್ಲಾಬಂದಿ ತಂದು ಜಿಲ್ಲೆಗಳನ್ನು ಮಾಡಿದರು, ಸಂಬಳದ ಅಧಿಕಾರಿಗಳನ್ನು ಇಟ್ಟರು. ಧಾನ್ಯದ ಪಾಲಿನ ಬದಲು ನಗದು ಬರತೊಡಗಿತು. ಆಡಳಿತಕ್ಕೆ ಇದು ದೊಡ್ಡ ಸುಧಾರಣೆಯೇ. ಆದರೆ ರೈತನ ಕಡೆಯಿಂದ ನೋಡಿ: ರಾಶಿಯಲ್ಲಿ ಪಾಲು ಕೊಡುವಾಗ ಕಡಿಮೆ ಬೆಳೆದರೆ ಕಡಿಮೆ ಪಾಲು. ನಗದಿನ ಜಮಾ ಹಾಗಲ್ಲ, ರಾಶಿ ಸಣ್ಣದಾದರೂ ಅಂಕಿ ಸಣ್ಣದಾಗಲ್ಲ.

ಇದು ದುಡ್ಡು ಕೂಡಿಸೋ ಕಥೆ. ಜನ ಕೂಡೋದು ಇನ್ನೊಂದು ಕಥೆ.

1921ರ ನವೆಂಬರಿನಲ್ಲಿ ಹೈದರಾಬಾದಿನ ವಿವೇಕವರ್ಧಿನಿಯಲ್ಲಿ ಸಮಾಜ ಸುಧಾರಣಾ ಸಮ್ಮೇಳನ ನಡೀತು, ಮಹರ್ಷಿ ಕರ್ವೆಯವರ ಅಧ್ಯಕ್ಷತೆ. ಆಲಂಪಲ್ಲಿ ವೆಂಕಟರಾಮರಾವ್ ತೆಲುಗಿನಲ್ಲಿ ಮಾತು ಶುರು ಮಾಡಿದಾಗ ಸಭೆಯಲ್ಲಿ ಗದ್ದಲ ಎದ್ದಿತು, ಮಾತಾಡೋಕೆ ಬಿಡಲಿಲ್ಲ. ತೆಲುಗರ ರಾಜಧಾನಿಯಲ್ಲೇ ತೆಲುಗಿಗೆ ಆದ ಅವಮಾನ. ಆ ನೋವಿನಿಂದ ಹುಟ್ಟಿದ್ದೇ ಆಂಧ್ರ ಜನ ಸಂಘ. ಕನ್ನಡಿಗರೂ ಕೂಡುತ್ತಿದ್ದರು. 1928ರಲ್ಲಿ ಕಲಬುರಗಿಯಲ್ಲಿ ಬಿಎಂಶ್ರೀ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೀತು.

1929ರಲ್ಲಿ ನಿಜಾಂ ಸರ್ಕಾರದ 53ನೇ ಗಸ್ತಿ ಬಂತು. ಗಸ್ತಿ ಅಂದರೆ ಸುತ್ತೋಲೆ. ಮುಂಚಿತವಾಗಿ ಅನುಮತಿ ಇಲ್ಲದೆ ಸಾರ್ವಜನಿಕ ಸಭೆ ನಡೆಸೋ ಹಾಗಿಲ್ಲ ಅಂತ ಆಜ್ಞೆ. ಹಣ ಜಮಾ ಆಗಬೇಕು, ಜನ ಮಾತ್ರ ಜಮಾ ಆಗಬಾರದು! ಹಾಗಾಗಿ ಈ ರಾಜ್ಯದಲ್ಲಿ ಜನ ಸಾಹಿತ್ಯ, ಶಾಲೆ, ಗ್ರಂಥಾಲಯದ ನೆಪದಲ್ಲಿ ಕೂಡಿದರು. 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಮತ್ತೆ ಸಾಹಿತ್ಯ ಸಮ್ಮೇಳನ ನಡೀತು. ಇವತ್ತು ನಮಗೆ ಸಮ್ಮೇಳನ ಅಂದರೆ ಊಟ, ಪುಸ್ತಕದಂಗಡಿ, ಮೆರವಣಿಗೆ. ಸಭೆಗೇ ಅನುಮತಿ ಕೇಳಬೇಕಾದ ರಾಜ್ಯದಲ್ಲಿ, ಉರ್ದು ಕಚೇರಿಯ ನೆರಳಲ್ಲಿ, ಸಾವಿರ ಕನ್ನಡ ಕಿವಿಗಳು ಒಂದು ಕಡೆ ಕೂಡೋದರ ತೂಕವೇ ಬೇರೆ. 1938ರಲ್ಲಿ ಸ್ಟೇಟ್ ಕಾಂಗ್ರೆಸ್ಸಿಗೇ ನಿಷೇಧ ಬಂತು. ಅದು ಪೂರ್ತಿ ಬದಲಾಗಿದ್ದು 1948ರ ಸೆಪ್ಟೆಂಬರ್ 17ರ ನಂತರ. 1956ರ ನವೆಂಬರ್ 1ಕ್ಕೆ ಆ ಮೂರು ಜಿಲ್ಲೆಗಳು ಮೈಸೂರು ರಾಜ್ಯವನ್ನು ಕೂಡಿಕೊಂಡವು.

ಈ ಇತಿಹಾಸ ಎಲ್ಲಿ ಉಳಿದಿದೆ ಅಂದರೆ, ನಮ್ಮ ನಾಲಿಗೆಯ ಮೇಲೆ. ಒಂದು ಸಣ್ಣ ಪರೀಕ್ಷೆ ಮಾಡಿ. ಮದುವೆಗೆ ನೆಂಟರು 'ಜಮಾಯಿಸಿದ್ದರು' ಅಂತೀರಾ? ಇಲ್ಲ, 'ಸೇರಿದ್ದರು' ಅಂತೀರಿ. 'ಬನ್ನಿ, ಭಾನುವಾರ ಎಲ್ಲ ಜಮಾಯಿಸೋಣ' ಅಂತೀರಾ? ತಮಾಷೆಗೆ ಅನ್ನಬಹುದು. ಆದರೆ ಪತ್ರಿಕೆಯಲ್ಲಿ 'ಠಾಣೆ ಮುಂದೆ ನೂರಾರು ಜನ ಜಮಾಯಿಸಿದ್ದರು' ಅಂತ ಬಂದರೆ ಸಹಜವಾಗಿ ಓದ್ತೀವಿ. ಮುಂದಿನ ವಾಕ್ಯದಲ್ಲಿ ಪೊಲೀಸರು ಚದುರಿಸ್ತಾರೆ ಅಂತಾನೂ ಗೊತ್ತಿರುತ್ತೆ. ನನಗೆ ಕಾಣೋದು ಇಷ್ಟು: ಜಮಾಯಿಸು ಅನ್ನೋದು ಹೊರಗೆ ನಿಂತು ಎಣಿಸುವವನ ಮಾತು. ಕೂಡು, ಸೇರು ಅನ್ನೋದು ಒಳಗಿರುವವರ ಮಾತು. ಬೇರೆ ಭಾಷೆಯಿಂದ ಬಂತು ಅನ್ನೋದು ಇದಕ್ಕೆ ಕಾರಣ ಅಲ್ಲ, ಸಾವಿರಾರು ಎರವಲು ಪದಗಳು ನಮ್ಮ ಅಡುಗೆಮನೆಯಲ್ಲೇ ಆರಾಮಾಗಿವೆ. ಯಾವ ಬಾಗಿಲಿಂದ ಒಳಗೆ ಬಂತು ಅನ್ನೋದು ಮುಖ್ಯ. ಇದು ಕಚೇರಿಯ ಬಾಗಿಲಿಂದ ಬಂದ ಪದ.

ಆದರೆ ಪದಗಳು ನಿಂತ ನೀರಲ್ಲ. ಜಮಾಬಂದಿ ಈಗ ಕರ್ನಾಟಕದ ಗ್ರಾಮ ಪಂಚಾಯ್ತಿಗಳಲ್ಲಿ ಲೆಕ್ಕವನ್ನು ಜನರ ಮುಂದೆ ಇಡೋ ಕಾರ್ಯಕ್ರಮ. ಹಿಂದೆ ಸರ್ಕಾರ ಊರಿನ ಲೆಕ್ಕ ಕೇಳ್ತಿತ್ತು, ಈಗ ಊರು ಪಂಚಾಯ್ತಿಯ ಲೆಕ್ಕ ಕೇಳಬಹುದು. ಇನ್ನು 2023ರಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯ 2000 ರೂಪಾಯಿ ತಿಂಗಳಿಗೊಮ್ಮೆ ಮನೆಯೊಡತಿಯ ಖಾತೆಗೆ ಹೋಗಬೇಕು. ಕಲಬುರಗಿ, ರಾಯಚೂರಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಮೊಬೈಲ್ ಹಿಡಿದು ಕೇಳೋ ಪ್ರಶ್ನೆ: 'ರೊಕ್ಕ ಜಮಾ ಆತೇನ್?' ಅದೇ ಪದ, ಅದೇ ಜಿಲ್ಲೆಗಳು. ದುಡ್ಡಿನ ದಿಕ್ಕು ಮಾತ್ರ ಬದಲಾಗಿದೆ. ಬಾಕಿ ಎಷ್ಟು ಅಂತ ಕೇಳೋ ಸರದಿ ಈಗ ಆ ಹೆಣ್ಣುಮಕ್ಕಳದು.

ನಿಮ್ಮ ಕಡೆ ಹುಣಸೆಹಣ್ಣಿಗೆ, ಸೌದೆಗೆ, ಸಗಣಿಗೆ, ಚಂದಾ ಹಣಕ್ಕೆ ಯಾವ ಯಾವ ಪದ ಬಳಸ್ತೀರಿ ಅಂತ ತಿಳಿಸಿ, ಊರಿನ ಹೆಸರೂ ಇರಲಿ. ಅವನ್ನೆಲ್ಲ ಆಯ್ದು, ಒಟ್ಟಿ, ಕೂಡಿಸಿ ಮುಂದೊಂದು ಸಂಚಿಕೆ ಮಾಡೋಣ.